ಹಣ್ಣು ನಮ್ಮದು, ಐಸು ಯಾರದು?



ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಲೇಪಾಕ್ಷಿಯ ಸಮೀಪದ ಹಳ್ಳಿಯೊಂದಕ್ಕೆ ಮನೆ ಭೇಟಿಗೆಂದು ಹೋಗಿದ್ದೆ. ಆ ಮನೆಯ ಮುಂದಿನ ಹುಣಸೆ ಮರದ ನೆರಳಿನಲ್ಲಿ ಕರಬೂಜದ ರಾಶಿ ಬಿದ್ದಿತ್ತು. ಮಾರುಕಟ್ಟೆಗೆ ಒಯ್ದ ಸರಕು ಅದು. ಅಂದು ಆವಕ ಹೆಚ್ಚಾಗಿ, ವ್ಯಾಪಾರಿ ಕೇಳಿದ ಬೆಲೆ ಟೆಂಪೋ ಬಾಡಿಗೆಗೂ ಸಾಲದೆ, ಅರ್ಧ ಮಾರಿ ಇನ್ನರ್ಧವನ್ನು ಮನೆಗೆ ಹಿಂದಕ್ಕೆ ತಂದಿದ್ದರು. ಒಡೆದ ಹಣ್ಣುಗಳನ್ನು ಮೇಕೆಗಳು ತಿನ್ನುತ್ತಿದ್ದವು. ಜಗಲಿಯ ಮೇಲೆ ಆ ಮನೆಯ ಏಳು ವರ್ಷದ ಹುಡುಗಿ ಕಡ್ಡಿ ಐಸು ಚೀಪುತ್ತಾ ಕುಳಿತಿದ್ದಳು. ನಾಲಿಗೆ, ತುಟಿ, ಅಂಗೈ ಎಲ್ಲವೂ ಕುಂಕುಮದಂತೆ ಕೆಂಪಾಗಿದ್ದವು.

“ಮನೇಲಿ ಇಷ್ಟೊಂದು ಹಣ್ಣಿದೆಯಲ್ಲಮ್ಮ, ಮಗೂಗೆ ಅದನ್ನ ಕೊಡಬಾರದಾ?” ಎಂದು ಅಜ್ಜಿಯನ್ನು ಕೇಳಿದೆ.

“ಅದನ್ನ ಯಾರು ತಿಂತಾರೆ ಸ್ವಾಮಿ? ದಿನಾ ನೋಡೋದೇ ಅಲ್ವಾ. ಸೈಕಲ್ ಗಂಟೆ ಕೇಳಿದ್ರೆ ಸಾಕು, ಕಾಸು ಕೊಡೋವರೆಗೂ ಸೆರಗು ಬಿಡಲ್ಲ” ಎಂದರು ಆ ತಾಯಿ.

ಎರಡು ವಾರಗಳ ನಂತರ ಆ ಮಗು ವಿಷಮಶೀತ ಜ್ವರದಿಂದ, ಅಂದರೆ ಟೈಫಾಯಿಡ್‌ನಿಂದ, ಆಸ್ಪತ್ರೆ ಸೇರಿತು. ಅದು ಐಸಿನಿಂದಲೇ ಬಂದಿತೆಂದು ಹೇಳುವ ಹಾಗಿಲ್ಲ. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ನೀವು ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ, ಕುದಿಸುತ್ತೀರಾ?” ಎಂದು. ಆ ಮನೆಯಲ್ಲಿ ನೀರನ್ನು ಕುದಿಸುವ ಅಭ್ಯಾಸವೇ ಇರಲಿಲ್ಲ. ಮಗು ಗುಣವಾಗಿ ಮನೆಗೆ ಬಂದಿತು. ಆದರೆ ಆ ಆಸ್ಪತ್ರೆಯ ಖರ್ಚು ಕರಬೂಜದ ಬೆಳೆಯಲ್ಲಿ ಬಂದಿದ್ದ ಅಲ್ಪಸ್ವಲ್ಪ ಲಾಭವನ್ನೂ ನುಂಗಿಹಾಕಿತು.

ಆ ದಿನದಿಂದ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದ ವಿಷಯವನ್ನೇ ಈ ತಿಂಗಳ ಅಂಕಣಕ್ಕೆ ಆರಿಸಿಕೊಂಡಿದ್ದೇನೆ. ಮಕ್ಕಳಿಗೆ ಐಸು ಬೇಡವೆಂದು ಹೇಳುವುದು ಈ ಬಿಸಿಲಿನಲ್ಲಿ ನಡೆಯುವ ಮಾತಲ್ಲ. ಆದರೆ ನಮ್ಮದೇ ಹೊಲದ ಹಣ್ಣಿನಿಂದ, ನಮ್ಮದೇ ಮನೆಯಲ್ಲಿ, ಮಕ್ಕಳ ಕೈಯಿಂದಲೇ ಐಸು ಮಾಡಿಸಬಹುದು. ಅದಕ್ಕೆ ಬೇಕಾದ ತಿಳಿವಳಿಕೆ ಇಲ್ಲಿದೆ.

ನಮ್ಮ ಬಿಸಿಲು, ನಮ್ಮ ಹಣ್ಣು

ನಮ್ಮದು ಮಳೆ ನೆರಳಿನ ಸೀಮೆ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸಿನಲ್ಲಿ ಮಾತ್ರ ಮಳೆಯಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಜಿಲ್ಲೆ ಎರಡಾಗಿ, ಹಿಂದೂಪುರ ಮತ್ತು ಲೇಪಾಕ್ಷಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಬಿಸಿಲು ಒಂದೇ, ಬವಣೆ ಒಂದೇ. ಒಂದು ಕಾಲಕ್ಕೆ ಕಡಲೆಕಾಯಿಯನ್ನೇ ನಂಬಿದ್ದ ಈ ಕೆಂಪು ನೆಲದಲ್ಲಿ ಇಂದು ಬೋರ್‌ವೆಲ್ ಮತ್ತು ಹನಿ ನೀರಾವರಿಯ ನೆರವಿನಿಂದ ಚೀನಿ (ಮೋಸಂಬಿ), ಮಾವು, ಬಾಳೆ, ಪರಂಗಿ, ದಾಳಿಂಬೆ, ಕಲ್ಲಂಗಡಿ, ಕರಬೂಜ ಬೆಳೆಯುತ್ತಿವೆ. ದೂರದ ಊರುಗಳಿಗೆ ನಮ್ಮ ಹಣ್ಣು ಲಾರಿಗಳಲ್ಲಿ ಹೋಗುತ್ತದೆ.

ಆದರೆ ಹಣ್ಣು ಕಾಯುವುದಿಲ್ಲ. ಬೆಲೆ ಬಿದ್ದ ದಿನ ಅದನ್ನು ಮನೆಯಲ್ಲಿಟ್ಟುಕೊಂಡು ನಾಳೆ ಮಾರುತ್ತೇನೆಂದರೆ ಆಗದು. ಗಾತ್ರ ಸಣ್ಣದಾದದ್ದು, ಸಿಪ್ಪೆಯ ಮೇಲೆ ಕಲೆಯಿರುವುದು, ಹೆಚ್ಚು ಮಾಗಿದ್ದು ಇವೆಲ್ಲವನ್ನೂ ವ್ಯಾಪಾರಿ ಪಕ್ಕಕ್ಕೆ ತೆಗೆದಿಡುತ್ತಾನೆ. ಹೀಗೆ ಪಕ್ಕಕ್ಕೆ ಬಿದ್ದ ಹಣ್ಣು ಕೊಳೆಯದಿದ್ದರೆ ರುಚಿಯಲ್ಲಿ ಏನೂ ಕಡಿಮೆಯಲ್ಲ. ಐಸು ಮಾಡಲು ಪೂರ್ತಿ ಮಾಗಿದ ಹಣ್ಣೇ ಉತ್ತಮ. ಅಂದರೆ ಮಾರುಕಟ್ಟೆ ಬೇಡವೆಂದ ಹಣ್ಣನ್ನೇ ಮಕ್ಕಳಿಗೆ ಬೇಕೆನಿಸುವ ತಿಂಡಿಯಾಗಿ ಮಾಡಬಹುದು. “ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ನಾವು ಎಷ್ಟು ಬಾರಿ ಹೇಳಿಲ್ಲ! ಅಂಗಳದ ಹಣ್ಣಿನ ಕಥೆಯೂ ಅದೇ.

ತಣ್ಣಗಿರುವುದೆಲ್ಲ ಶುದ್ಧವಲ್ಲ

ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ನೀರು ಹೆಪ್ಪುಗಟ್ಟಿದರೆ ಅದರಲ್ಲಿರುವ ಕ್ರಿಮಿಗಳು ಸತ್ತುಹೋಗುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಇದು ನಿಜವಲ್ಲ. ಶಾಖಕ್ಕೆ ಕ್ರಿಮಿ ಸಾಯುತ್ತದೆ. ಚಳಿಗೆ ಮಲಗುತ್ತದೆ, ಅಷ್ಟೇ. ಟೈಫಾಯಿಡ್, ವಾಂತಿಭೇದಿ, ಒಂದು ಬಗೆಯ ಕಾಮಾಲೆ ಇವುಗಳನ್ನು ತರುವ ರೋಗಾಣುಗಳು ಐಸಿನೊಳಗೆ ಉಳಿದು, ಬಾಯಿಯ ಬಿಸಿಗೆ ಕರಗಿ, ಹೊಟ್ಟೆ ಸೇರಿ ಮತ್ತೆ ಎಚ್ಚರಗೊಳ್ಳಬಲ್ಲವು. ಹೀಗಾಗಿ ಐಸು ಎಷ್ಟು ಒಳ್ಳೆಯದೆಂಬುದು ಅದಕ್ಕೆ ಹಾಕಿದ ನೀರು ಎಷ್ಟು ಒಳ್ಳೆಯದೆಂಬುದನ್ನು ಅವಲಂಬಿಸಿದೆ. ಇದು ಸೈಕಲ್ಲಿನವನ ಐಸಿಗೂ ಅನ್ವಯಿಸುತ್ತದೆ, ನಮ್ಮ ಮನೆಯ ಫ್ರಿಜ್ಜಿನ ಐಸಿಗೂ ಅನ್ವಯಿಸುತ್ತದೆ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಯಾವುದೂ ಪವಿತ್ರವಾಗುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಂದರೆಯೂ ಇದೆ. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೀರಿದ ನೀರನ್ನು ಎಳೆಯ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಬಹಳ ಹೆಚ್ಚಿದ್ದು ದೀರ್ಘಕಾಲ ಕುಡಿದರೆ ಮೂಳೆ, ಕೀಲುಗಳೂ ಕೆಡುತ್ತವೆ. 1995-96ರಲ್ಲಿ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆಯು ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ತಲುಪಿಸಿದ್ದು ಈ ಬವಣೆಯನ್ನು ಕಂಡೇ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಪರೀಕ್ಷೆಯಲ್ಲಿ ತಿಳಿದಿದ್ದರೆ, ಕುಡಿಯಲು ಬಳಸುವ ಸರಬರಾಜು ನೀರನ್ನೋ, ಆರ್‌ಓ ಘಟಕದ ನೀರನ್ನೋ ಅಡುಗೆಗೂ ಐಸಿಗೂ ಬಳಸಿ. ಕ್ಯಾನಿನಲ್ಲಿ ತಂದ ನೀರಾದರೂ ಕ್ಯಾನು ಕೊಳಕಾಗಿದ್ದರೆ ಕುದಿಸಿ ಆರಿಸುವುದೇ ಕ್ಷೇಮ.

ಬಣ್ಣ ಮತ್ತು ಸಕ್ಕರೆ

ಸೈಕಲ್ಲಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಉರಿಬಿಸಿಲಿನಲ್ಲಿ ಊರೂರು ಸುತ್ತುವವನು ನಮ್ಮಂತೆಯೇ ಬಡವ. ಅವನ ಹೊಟ್ಟೆಯ ಮೇಲೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ಶುಚಿಯಾಗಿ ಮಾಡಿ ಮಾರುವವರೂ ಇದ್ದಾರೆ. ಆದರೆ ಆ ಕಡ್ಡಿ ಐಸು ಯಾವ ನೀರಿನಲ್ಲಿ ಮಾಡಿದ್ದು, ಯಾವ ಬಣ್ಣ ಹಾಕಿದ್ದು ಎಂದು ಅವನಿಗೂ ಎಷ್ಟೋ ವೇಳೆ ತಿಳಿದಿರುವುದಿಲ್ಲ.

ಆಹಾರಕ್ಕೆ ಹಾಕಬಹುದಾದ ಬಣ್ಣಗಳನ್ನು, ಅವುಗಳ ಮಿತಿಯನ್ನು ಕಾನೂನು ಗೊತ್ತುಮಾಡಿದೆ. ಆದರೂ ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಗುಲಾಬಿ ಬಣ್ಣವನ್ನು ತಿಂಡಿಗೆ ಬೆರೆಸಿದ ಪ್ರಕರಣಗಳು ಸಿಕ್ಕಿವೆ. ಈ ಕಾರಣಕ್ಕೆ 2024ರಲ್ಲಿ ತಮಿಳುನಾಡು ಬಾಂಬೆ ಮಿಠಾಯಿಯ ಮಾರಾಟವನ್ನು ನಿಷೇಧಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ತಡೆಯಿತು. ಐಸು ತಿಂದ ನಾಲಿಗೆಯ ಬಣ್ಣ ಬಾಯಿ ಮುಕ್ಕಳಿಸಿದರೂ ಹೋಗದಿದ್ದರೆ, ಅದು ಹಣ್ಣಿನ ಬಣ್ಣವೋ ಅಲ್ಲವೋ ಎಂದು ಒಮ್ಮೆ ಯೋಚಿಸಿ. ನೇರಳೆ ಹಣ್ಣೊಂದನ್ನು ಇದಕ್ಕೆ ಹೊರತಾಗಿಡಿ!

ಇನ್ನು ಸಕ್ಕರೆ. ನಾಲಿಗೆ ತಣ್ಣಗಾದಾಗ ಸಿಹಿಯನ್ನು ಗುರುತಿಸುವ ಅದರ ಶಕ್ತಿ ಕುಗ್ಗುತ್ತದೆ. ಕರಗಿದ ಐಸ್ ಕ್ಯಾಂಡಿಯ ನೀರನ್ನು ಒಮ್ಮೆ ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿಯಾಗಿರುತ್ತದೆ. ತಣ್ಣಗಿದ್ದಾಗಲೂ ಸಿಹಿ ತಿಳಿಯಲೆಂದೇ ಹೆಚ್ಚು ಸಕ್ಕರೆ ಸುರಿಯುತ್ತಾರೆ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ಶೇಕಡ 10ನ್ನು ಮೀರಬಾರದು, ಶೇಕಡ 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಶೇಕಡ 5 ಎಂದರೆ ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಟೀ ಚಮಚ. ಚಹಾ, ಬಿಸ್ಕತ್ತು, ಮಿಠಾಯಿಗಳಲ್ಲೇ ಅದು ಮುಗಿದುಹೋಗುತ್ತದೆ.

“ಸಕ್ಕರೆ ಬಿಟ್ಟು ಬೆಲ್ಲ ಹಾಕುತ್ತೇವೆ, ಹಿಂದೂಪುರದ ಬೆಲ್ಲವೇ ಇದೆಯಲ್ಲ” ಎನ್ನುವವರಿದ್ದಾರೆ. ಬೆಲ್ಲದ ರುಚಿ ಬೇರೆ, ಅದರಲ್ಲಿ ಸ್ವಲ್ಪ ಖನಿಜಾಂಶವೂ ಇದೆ. ಆದರೆ ಹಲ್ಲಿಗೂ ರಕ್ತಕ್ಕೂ ಬೆಲ್ಲವೂ ಸಕ್ಕರೆಯೇ. ಹೆಸರು ಬದಲಾದರೆ ಲೆಕ್ಕ ಬದಲಾಗುವುದಿಲ್ಲ.

ನೀರೂ ಬೇಡ, ಸಕ್ಕರೆಯೂ ಬೇಡ

ಹಾಗಾದರೆ ದಾರಿ ಯಾವುದು? ಬಹಳ ಸುಲಭ. ಕಲ್ಲಂಗಡಿ, ಕರಬೂಜ, ಚೀನಿ ಈ ಹಣ್ಣುಗಳ ತೂಕದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನೀರೇ. ಆ ನೀರನ್ನು ಗಿಡವೇ ಸೋಸಿ ತುಂಬಿಟ್ಟಿದೆ. ನಾವು ಬೇರೆ ನೀರನ್ನು ಏಕೆ ಸೇರಿಸಬೇಕು? ಪೂರ್ತಿ ಮಾಗಿದ ಹಣ್ಣಾದರೆ ಸಿಹಿಯೂ ಅದರಲ್ಲೇ ಇದೆ.

ರಸವನ್ನು ಸೋಸಿ ನಾರನ್ನು ಎಸೆಯಬೇಡಿ. ತಿರುಳಿನ ಸಮೇತ ರುಬ್ಬಿ. ನಾರು ಹೊಟ್ಟೆಗೆ ಹಿತ, ಸಿಹಿ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಐಸು ಕಲ್ಲಿನಂತೆ ಗಟ್ಟಿಯಾಗುವುದಿಲ್ಲ. ಹಣ್ಣನ್ನು ಹೆಪ್ಪುಗಟ್ಟಿಸುವುದರಿಂದ ಅದರ ಜೀವಸತ್ವಗಳು ಬಹುಪಾಲು ಉಳಿಯುತ್ತವೆ. ಮಾವು, ಪರಂಗಿಗಳಲ್ಲಿ ಕಣ್ಣಿಗೆ ಬೇಕಾದ ‘ಎ’ ಜೀವಸತ್ವವಾಗುವ ಅಂಶವಿದೆ. ಚೀನಿಯಲ್ಲಿ ‘ಸಿ’ ಜೀವಸತ್ವವಿದೆ.

ಹೊಲದಿಂದ ಅಡುಗೆಮನೆಗೆ

ರೈತ ಕುಟುಂಬಗಳಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಔಷಧಿ ಹೊಡೆದ ಮೇಲೆ ಇಷ್ಟು ದಿನ ಹಣ್ಣು ಕೀಳಬಾರದೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಮಾರುವ ಹಣ್ಣಿಗೆ ಆ ನಿಯಮ ಪಾಲಿಸಿ, ಮನೆಗೆ ತರುವಾಗ ಮರೆಯುವುದು ಬೇಡ. ಹಾಗೆಯೇ ಮನೆಯವರ ಹಣ್ಣಿಗೆ ಕಾದು, ಮಾರುವ ಹಣ್ಣಿಗೆ ಮರೆಯುವುದೂ ಬೇಡ. ಅದನ್ನು ತಿನ್ನುವವರ ಮನೆಯಲ್ಲೂ ಮಕ್ಕಳಿದ್ದಾರೆ.

ಹಣ್ಣನ್ನು ಹೆಚ್ಚುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ಎಸೆಯುವ ಹಣ್ಣಾದರೂ ತೊಳೆಯಲೇಬೇಕು. ನೆಲಕ್ಕೆ ತಾಗಿ ಬೆಳೆಯುವ ಕರಬೂಜದ ಒರಟು ಸಿಪ್ಪೆಯಲ್ಲಿ ಮಣ್ಣು, ಗೊಬ್ಬರದ ಅಂಶ ಕೂತಿರುತ್ತದೆ. ಚಾಕು ಇಳಿದಾಗ ಅದು ತಿರುಳಿಗೆ ಇಳಿಯುತ್ತದೆ. ಮಾವನ್ನು ಕಾರ್ಬೈಡ್‌ನಿಂದ ಮಾಗಿಸುವುದನ್ನು ಕಾನೂನು ನಿಷೇಧಿಸಿದೆ. ಮನೆಯ ಮಾವನ್ನು ಹುಲ್ಲಿನಲ್ಲಿಟ್ಟು ಮಾಗಿಸಿ. ಕೊಳೆತ, ಬೂಷ್ಟು ಹಿಡಿದ ಭಾಗವಿರುವ ಹಣ್ಣು ಐಸಿಗೆ ಬೇಡ. ಔಷಧಿಯ ಡಬ್ಬಿ, ಬಾಟಲಿಗಳನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಲೇಬಾರದು.

ಮಕ್ಕಳ ಕೈಗೆ ಕೊಡಿ

ಕಡ್ಡಿ ಐಸನ್ನು ಕಂಡುಹಿಡಿದವನು ಒಬ್ಬ ಹುಡುಗನೆಂದು ನಿಮಗೆ ಗೊತ್ತೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1905ರಲ್ಲಿ ಫ್ರಾಂಕ್ ಎಪರ್ಸನ್ ಎಂಬ 11 ವರ್ಷದ ಬಾಲಕ, ಸೋಡಾ ಪುಡಿ ಕಲಸಿದ ನೀರಿನ ಲೋಟವನ್ನು ಕಡ್ಡಿಯ ಸಮೇತ ಜಗಲಿಯ ಮೇಲೆ ಮರೆತು ಮಲಗಿದನಂತೆ. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿತು. ಬೆಳಿಗ್ಗೆ ಕಡ್ಡಿ ಹಿಡಿದು ಎಳೆದಾಗ ಐಸು ಕೈಗೆ ಬಂದಿತು! ದೊಡ್ಡವನಾದ ಮೇಲೆ, 1920ರ ದಶಕದಲ್ಲಿ, ಅವನು ಅದಕ್ಕೆ ಪೇಟೆಂಟ್ ಪಡೆದನು. ಈ ಕಥೆಯನ್ನು ಮಕ್ಕಳಿಗೆ ಹೇಳಿ, ಮತ್ತೆ ಕೆಲಸ ಹಂಚಿ.

ಕೆಲಸ ಶುರುವಾಗುವ ಮೊದಲು ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು. ಭೇದಿ, ಜ್ವರ ಇರುವವರು ಅಂದು ಮಾಡುವ ಕೆಲಸಕ್ಕೆ ಕೈ ಹಾಕಬಾರದು. ನಾಲ್ಕೈದು ವರ್ಷದವರು ಹಣ್ಣು ತೊಳೆಯಲಿ, ಬಾಳೆಹಣ್ಣು ಕಿವುಚಲಿ. ಏಳೆಂಟು ವರ್ಷದವರು ಅಳತೆ ಮಾಡಲಿ, ಬೀಜ ತೆಗೆಯಲಿ, ಲೋಟಕ್ಕೆ ಸುರಿಯಲಿ. ಹತ್ತು ದಾಟಿದವರು ದೊಡ್ಡವರ ಕಣ್ಣೆದುರಿಗೆ ಚಾಕು ಹಿಡಿಯಲಿ. ಮಿಕ್ಸಿಯ ಗುಂಡಿ ಮಾತ್ರ ದೊಡ್ಡವರ ಕೈಯಲ್ಲಿರಲಿ. ಗಂಡು ಮಕ್ಕಳನ್ನೂ ಕೂರಿಸಿಕೊಳ್ಳಿ. ಅಡುಗೆಮನೆಯ ಕೆಲಸ ಹೆಣ್ಣು ಮಕ್ಕಳದ್ದು ಮಾತ್ರವೆಂದು ಎಲ್ಲಿಯೂ ಬರೆದಿಲ್ಲ.

ತಾನೇ ಮಾಡಿದ್ದನ್ನು ಮಗು ಬೇಡವೆನ್ನುವುದಿಲ್ಲ. ಹಣ್ಣು ಮುಟ್ಟದ ಮಗುವೂ ತಾನು ಕಿವುಚಿದ ಬಾಳೆಹಣ್ಣನ್ನು ನೆಕ್ಕುತ್ತದೆ. ಪಾಠವೂ ಆಗುತ್ತದೆ. ಲೋಟದ ತುದಿಯವರೆಗೆ ತುಂಬಿದರೆ ಐಸು ಏಕೆ ಹೊರಗೆ ಉಬ್ಬುತ್ತದೆ? ನೀರು ಹೆಪ್ಪುಗಟ್ಟಿದಾಗ ಹತ್ತರಲ್ಲಿ ಸುಮಾರು ಒಂದು ಪಾಲು ಹಿಗ್ಗುತ್ತದೆ. ಆದ್ದರಿಂದ ಒಂದು ಬೆರಳಷ್ಟು ಜಾಗ ಬಿಡಬೇಕು.

ಪಾತ್ರೆ ಮತ್ತು ಕಡ್ಡಿ

ಅಚ್ಚು ಕೊಳ್ಳಬೇಕಾಗಿಲ್ಲ. ಸಣ್ಣ ಸ್ಟೀಲ್ ಲೋಟಗಳು ಸಾಕು. ಇಡ್ಲಿ ತಟ್ಟೆಯ ಕುಳಿಗಳೂ ಚೆನ್ನಾಗಿ ಒದಗುತ್ತವೆ. ಹುಳಿ ಹಣ್ಣಿಗೆ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ. ಕಡ್ಡಿಗೆ ಬದಲು ಸ್ಟೀಲ್ ಚಮಚವನ್ನೇ ಚುಚ್ಚಿಡಿ; ತೊಳೆದು ಮತ್ತೆ ಬಳಸಬಹುದು. ಪೊರಕೆ ಕಡ್ಡಿ, ಊದುಬತ್ತಿ ಕಡ್ಡಿ, ಬೀದಿಯಲ್ಲಿ ಹೆಕ್ಕಿದ ಕಡ್ಡಿ ಬೇಡವೇ ಬೇಡ. ಬೇಲಿಯಿಂದ ಯಾವುದೋ ರೆಂಬೆ ಮುರಿದು ಚುಚ್ಚುವ ಅಭ್ಯಾಸ ಮಕ್ಕಳಿಗಿದೆ. ಕಣಗಿಲೆ, ಎಕ್ಕ ಇಂತಹ ಗಿಡಗಳು ವಿಷವೆಂಬುದನ್ನು ಅವರಿಗೆ ಹೇಳಿಕೊಡಿ.

ಆರು ಬಗೆಯ ಐಸು

1. ಕಲ್ಲಂಗಡಿ ಅಥವಾ ಕರಬೂಜ: ಬೀಜ ತೆಗೆದ ತಿರುಳು ಮೂರು ಲೋಟ, ಅರ್ಧ ನಿಂಬೆಹಣ್ಣಿನ ರಸ, ನಾಲ್ಕು ಪುದೀನ ಎಲೆ, ಒಂದು ಚಿಟಿಕೆ ಉಪ್ಪು. ರುಬ್ಬಿ ಸುರಿಯಿರಿ. ನೀರು, ಸಕ್ಕರೆ ಬೇಡ. ಕರಬೂಜಕ್ಕೆ ಪುದೀನದ ಬದಲು ಏಲಕ್ಕಿ ಹಾಕಿದರೆ ಪರಿಮಳ ಹೆಚ್ಚು.

2. ಮಾವು–ಮೊಸರು: ಮಾವಿನ ತಿರುಳು ಎರಡು ಲೋಟ, ಹುಳಿಯಾಗದ ಗಟ್ಟಿ ಮೊಸರು ಒಂದು ಲೋಟ. ಹಾಲನ್ನು ಚೆನ್ನಾಗಿ ಕುದಿಸಿ ಹೆಪ್ಪು ಹಾಕಿದ ಮೊಸರಾಗಿರಲಿ. ಮಕ್ಕಳು ಇದನ್ನೇ ಹೆಚ್ಚು ಮೆಚ್ಚುತ್ತಾರೆ.

3. ಬಾಳೆ: ಚುಕ್ಕೆ ಬಿದ್ದ ಬಾಳೆಹಣ್ಣನ್ನು ಬಿಲ್ಲೆ ಮಾಡಿ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿ. ತೆಗೆದು ಐದು ನಿಮಿಷ ಬಿಟ್ಟು ಮಿಕ್ಸಿಯಲ್ಲಿ ತಿರುಗಿಸಿದರೆ ಕೆನೆಯಂತಾಗುತ್ತದೆ. ಮೇಲೆ ಹುರಿದ ಕಡಲೆಕಾಯಿ ಬೀಜದ ಪುಡಿ ಉದುರಿಸಿ. ಇದಕ್ಕಿಂತ ಅಗ್ಗದ ಐಸ್‌ಕ್ರೀಂ ಬೇರೆ ಇಲ್ಲ.

4. ಚೀನಿ–ಪರಂಗಿ: ಪರಂಗಿ ತಿರುಳು ಎರಡು ಲೋಟ, ಚೀನಿ ರಸ ಒಂದು ಲೋಟ. ಚೀನಿ ರಸವನ್ನು ಹಿಂಡಿ ಬಹಳ ಹೊತ್ತು ಇಟ್ಟರೆ ಕಹಿಯಾಗುತ್ತದೆ. ಬೀಜ, ಬಿಳಿ ಪೊರೆ ಜಜ್ಜಿದರೆ ಇನ್ನೂ ಕಹಿ. ಆದ್ದರಿಂದ ಕೈಯಲ್ಲಿ ಮೆಲ್ಲಗೆ ಹಿಂಡಿ ಕೂಡಲೇ ಹೆಪ್ಪಿಗೆ ಇಡಿ. ಪರಂಗಿಗೆ ಹಾಲು ಬೆರೆಸಬೇಡಿ, ಅದೂ ಕಹಿಯಾಗುತ್ತದೆ.

5. ನೇರಳೆ: ಮುಂಗಾರು ಹೊತ್ತಿಗೆ ಬರುವ ಹಣ್ಣು. ಬೀಜ ಬಿಡಿಸಿ, ತಿರುಳನ್ನು ಚಿಟಿಕೆ ಉಪ್ಪಿನೊಡನೆ ಕಿವುಚಿ, ಒಗರು ತಗ್ಗಲು ಒಂದು ಬಾಳೆಹಣ್ಣು ಸೇರಿಸಿ. ಹಳೆಯ ಅಂಗಿ ತೊಡಿಸಿ ಕೂರಿಸಿ!

6. ಸೀತಾಫಲ: ಮಳೆಗಾಲದ ಕೊನೆಯಲ್ಲಿ ಗುಡ್ಡದಿಂದ ಬರುವ ಹಣ್ಣು. ಕುದಿಸಿ ಆರಿಸಿದ ಹಾಲಿನೊಡನೆ ತಿರುಳನ್ನು ಕಲಸಿ. ಬೀಜವನ್ನು ಕೈಯಿಂದಲೇ ಒಂದೊಂದಾಗಿ ತೆಗೆಯಬೇಕು. ಮಿಕ್ಸಿಗೆ ಬೀಜ ಬೀಳಬಾರದು. ಅದರ ಪುಡಿ ವಿಷಕರ, ಕಣ್ಣಿಗೆ ಬಿದ್ದರೆ ಬಹಳ ಅಪಾಯ.

ಇವುಗಳಲ್ಲಿ ಯಾವುದಾದರೂ ಹುಳಿಯೆನಿಸಿದರೆ ಇಡೀ ಪಾತ್ರೆಗೆ ಎರಡು ಚಮಚ ಬೆಲ್ಲದ ಪುಡಿ ಸಾಕು. ಹೆಪ್ಪುಗಟ್ಟುವ ಮೊದಲು ರುಚಿ ನೋಡಿದಾಗ ಸ್ವಲ್ಪ ಹೆಚ್ಚು ಸಿಹಿ ಅನ್ನಿಸಿದರೆ ತಣ್ಣಗಾದಾಗ ಸರಿಹೋಗುತ್ತದೆ. ಫ್ರಿಜ್ಜಿನ ಮೇಲಿನ ಐಸಿನ ಖಾನೆಯಲ್ಲಿ ಸಣ್ಣ ಲೋಟಗಳು ಗಟ್ಟಿಯಾಗಲು ಐದಾರು ಗಂಟೆ ಬೇಕು. ಒಂದು ಗಂಟೆಯ ಬಳಿಕ, ಅರೆಗಟ್ಟಿಯಾದಾಗ ಚಮಚ ಚುಚ್ಚಿದರೆ ನೇರವಾಗಿ ನಿಲ್ಲುತ್ತದೆ. ತೆಗೆಯುವಾಗ ಲೋಟದ ಹೊರಭಾಗವನ್ನು ಕ್ಷಣಕಾಲ ನೀರಿನಲ್ಲಿ ಅದ್ದಿ.

ಫ್ರಿಜ್ ಇಲ್ಲದ ಮನೆಯಲ್ಲಿ

“ಇದೆಲ್ಲ ಫ್ರಿಜ್ ಇರೋರಿಗೆ ಸ್ವಾಮಿ” ಎಂದು ಯಾರಾದರೂ ಹೇಳಬಹುದು. ಫ್ರಿಜ್ ಎಂಬುದು ಹುಟ್ಟುವ ಮೊದಲೂ ಜನ ಐಸು ತಿನ್ನುತ್ತಿದ್ದರು. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ಇಟ್ಟು ಕುಡಿಯುವ ನೀರನ್ನು ತಣ್ಣಗೆ ಮಾಡುತ್ತಿದ್ದುದನ್ನು ‘ಐನ್-ಇ-ಅಕ್ಬರಿ’ ಹೇಳುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಕಲ್ಕತ್ತೆಗೆ ಐಸು ಬಂದಿತು. ಹಾಗೆ ಬಂದ ಐಸನ್ನು ಕೂಡಿಡಲು 1842ರಲ್ಲಿ ಕಟ್ಟಿದ ‘ಐಸ್ ಹೌಸ್’ ಮದರಾಸಿನ ಕಡಲ ತೀರದಲ್ಲಿ ಇಂದಿಗೂ ನಿಂತಿದೆ. ಐಸಿಗೆ ಉಪ್ಪು ಬೆರೆಸಿದರೆ ಚಳಿ ಇನ್ನೂ ಇಳಿಯುತ್ತದೆಂಬುದು ಹಳೆಯ ಕಾಲದ ಜಾಣ್ಮೆ.

ಮಾಡುವ ಕ್ರಮ ಹೀಗೆ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ಐಸು ತಂದು ಗೋಣಿಚೀಲದಲ್ಲಿ ಸುತ್ತಿ ಜಜ್ಜಿ. ಒಂದು ಬಕೆಟ್ಟಿನಲ್ಲಿ ಮೂರು ಪಾಲು ಐಸಿಗೆ ಒಂದು ಪಾಲು ಕಲ್ಲುಪ್ಪು ಪದರ ಪದರವಾಗಿ ಹಾಕಿ. ಮಿಶ್ರಣ ತುಂಬಿದ ಉದ್ದನೆಯ ಸ್ಟೀಲ್ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ನಡುವೆ ಹೂತಿಡಿ. ಬಕೆಟ್ಟನ್ನು ದಪ್ಪ ಗೋಣಿಯಿಂದ ಸುತ್ತಿ ನೆರಳಿನಲ್ಲಿಡಿ. ಉಪ್ಪು ಬೆರೆತ ಐಸು ಶೂನ್ಯಕ್ಕಿಂತ ಸುಮಾರು 20 ಡಿಗ್ರಿಯವರೆಗೆ ಕೆಳಗೆ ಇಳಿಯಬಲ್ಲದು. ಅರ್ಧ ಗಂಟೆಗೊಮ್ಮೆ ಡಬ್ಬಿಯ ಹೊರಗನ್ನು ಒರೆಸಿ, ತೆರೆದು, ಅಂಚಿನಲ್ಲಿ ಗಟ್ಟಿಯಾದದ್ದನ್ನು ಕೆರೆದು ಕಲಸಿ ಮುಚ್ಚಿ. ಎರಡು ಗಂಟೆಯೊಳಗೆ ಚಮಚದಲ್ಲಿ ತಿನ್ನುವ ಹಣ್ಣಿನ ಐಸು ಸಿದ್ಧ.

ಇಲ್ಲಿ ಮೂರು ಎಚ್ಚರಿಕೆಗಳು. ಮೊದಲನೆಯದು, ಗಡ್ಡೆ ಐಸು ತಿನ್ನುವ ಐಸಲ್ಲ. ಮೀನು, ಹಾಲಿನ ಕ್ಯಾನು ತಣ್ಣಗಿಡಲು ಮಾಡಿದ ಐಸಿಗೆ ಗುರುತಿಗಾಗಿ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಅದರ ಒಂದು ತುಣುಕೂ ಡಬ್ಬಿಯೊಳಗೆ ಬೀಳಬಾರದು, ಮಕ್ಕಳು ಬಾಯಿಗೆ ಹಾಕಬಾರದು. ಎರಡನೆಯದು, ಉಪ್ಪು ಬೆರೆತ ಐಸನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ. ಮೂರನೆಯದು ರೈತರಿಗೆ ಹೇಳಬೇಕಾದದ್ದು: ಕರಗಿದ ಉಪ್ಪುನೀರನ್ನು ಗಿಡದ ಬುಡಕ್ಕಾಗಲಿ, ತಿಪ್ಪೆಗಾಗಲಿ ಸುರಿಯಬೇಡಿ. ಉಪ್ಪು ಮಣ್ಣನ್ನು ಕೆಡಿಸುತ್ತದೆ. ದನಕರುಗಳು ಕುಡಿಯದಂತೆಯೂ ನೋಡಿಕೊಳ್ಳಿ.

ಕರೆಂಟು ಹೋದರೆ

ಒಂದು ಲೋಟ ನೀರನ್ನು ಗಟ್ಟಿಯಾಗಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಐಸಿನ ಖಾನೆಯ ಮೂಲೆಯಲ್ಲಿಡಿ. ನಾಣ್ಯ ಮೇಲೆಯೇ ಇದ್ದರೆ ಸರಿ. ತಳಕ್ಕೆ ಇಳಿದಿದ್ದರೆ, ನೀವು ಹೊಲದಲ್ಲಿದ್ದಾಗ ಕರೆಂಟು ಬಹಳ ಹೊತ್ತು ಹೋಗಿ, ಎಲ್ಲ ಕರಗಿ, ಮತ್ತೆ ಗಟ್ಟಿಯಾಗಿದೆ ಎಂದರ್ಥ. ಈ ನಾಣ್ಯದ ಕಾವಲು ಮಕ್ಕಳಿಗೆ ಒಪ್ಪಿಸಿ, ಖುಷಿಯಿಂದ ಮಾಡುತ್ತಾರೆ. ಕರಗಿ ಮತ್ತೆ ಗಟ್ಟಿಯಾದ ಹಾಲು, ಮೊಸರಿನ ಐಸನ್ನು ಎಸೆದುಬಿಡಿ. ಬರೀ ಹಣ್ಣಿನದ್ದು ಕರಗಿಯೂ ಇನ್ನೂ ತಣ್ಣಗಿರುವಾಗಲೇ ಕಂಡರೆ ಆಗಲೇ ಕುಡಿದು ಮುಗಿಸಿ. ಮತ್ತೆ ಹೆಪ್ಪಿಗೆ ಇಡಬೇಡಿ. ಏನಿದ್ದರೂ ವಾರದೊಳಗೆ ಖಾಲಿ ಮಾಡುವಷ್ಟೇ ಮಾಡಿ.

ಇನ್ನು ಕೆಲವು ಮಾತುಗಳು

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಗುಂಡು ಐಸು, ಇಡೀ ದ್ರಾಕ್ಷಿ, ಇಡೀ ಕಡಲೆಕಾಯಿ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ವರ್ಷ ತುಂಬದ ಕೂಸಿಗೆ ಜೇನು ಯಾವ ರೂಪದಲ್ಲೂ ಬೇಡ. ಚಮಚ ಬಾಯಲ್ಲಿಟ್ಟುಕೊಂಡು ಓಡಲು ಬಿಡಬೇಡಿ, ಕೂತು ತಿನ್ನಲಿ. ಫ್ರಿಜ್ಜಿನಿಂದ ತೆಗೆದೊಡನೆ ನಾಲಿಗೆ ಅಂಟುತ್ತದೆ, ಎರಡು ನಿಮಿಷ ಕಾಯಲಿ. ತಿಂದ ಮೇಲೆ ಬಾಯಿ ಮುಕ್ಕಳಿಸಲಿ. ಸಕ್ಕರೆ ಕಾಯಿಲೆಯಿರುವ ಹಿರಿಯರು ಮಾವು, ಬಾಳೆಯ ಐಸನ್ನು ವೈದ್ಯರ ಮಾತಿನಂತೆ ಮಿತಿಯಲ್ಲಿಡಲಿ. ಐಸು ತಿಂದರೆ ನೆಗಡಿ ಬರುತ್ತದೆಂಬ ಹೆದರಿಕೆ ಬೇಡ. ನೆಗಡಿ ಬರುವುದು ವೈರಾಣುವಿನಿಂದ. ಉಬ್ಬಸವಿರುವ ಮಕ್ಕಳಿಗೆ ಮಾತ್ರ ಜಾಗ್ರತೆ ಇರಲಿ.

ಮಗುವಿಗೆ ಭೇದಿ ಆರಂಭವಾದರೆ ಓಆರ್‌ಎಸ್ ಪೊಟ್ಟಣ ಕರಗಿಸಿ ಕುಡಿಸುತ್ತಾ ಬನ್ನಿ. ಅದು ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜ್ವರ ಮೂರು ದಿನ ಬಿಡದಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ.

ಕೊನೆಯ ಮಾತು

ಕಳೆದ ತಿಂಗಳು ಆ ಮನೆಗೆ ಮತ್ತೆ ಹೋಗಿದ್ದೆ. ಹುಣಸೆ ಮರದ ಕೆಳಗೆ ಈ ಸಲ ಕಲ್ಲಂಗಡಿಯ ರಾಶಿ. ಬೆಲೆ ಈ ಸಲವೂ ಅಷ್ಟಕ್ಕಷ್ಟೇ. ನಾನು ಕೂತ ಕೂಡಲೇ ಆ ಹುಡುಗಿ ಒಳಗೆ ಓಡಿ ಸ್ಟೀಲ್ ಲೋಟವೊಂದನ್ನು ತಂದು ಕೈಗಿತ್ತಳು. “ಫಾದರ್, ನಾನೇ ಬೀಜ ತೆಗೆದಿದ್ದು. ಅಜ್ಜಿ ಬರೀ ಮಿಕ್ಸಿ ಹಾಕಿದ್ದು” ಎಂದಳು. ಅಜ್ಜಿ ಒಲೆಯ ಮೇಲಿದ್ದ ದೊಡ್ಡ ಪಾತ್ರೆಯನ್ನು ತೋರಿಸಿ, “ಈಗ ನೀರು ಕುದಿಸ್ತೀವಿ ಸ್ವಾಮಿ, ದಿನಾ” ಎಂದರು.

ಕಲ್ಲಂಗಡಿಯ ಬೆಲೆಯನ್ನು ನಾನಾಗಲಿ ನೀವಾಗಲಿ ಏರಿಸಲಾರೆವು. ಆದರೆ ಬೆವರು ಸುರಿಸಿ ಬೆಳೆದ ಹಣ್ಣಿನಲ್ಲಿ ಮೊದಲ ಪಾಲು ನಮ್ಮ ಮಕ್ಕಳದ್ದಾಗಲಿ. ಈ ಭಾನುವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಒಂದು ಬಗೆಯನ್ನು ಮಾಡಿ ನೋಡಿ. ಹಣ್ಣು ತೊಳೆಯುವ ಮೊದಲು ಕೈ ತೊಳೆಯಿರಿ; ನೀರು ಹಾಕುವುದೇ ಆದರೆ ಕುದಿಸಿ ಆರಿಸಿದ್ದನ್ನೇ ಹಾಕಿ. ಇಷ್ಟನ್ನು ಪಾಲಿಸಿದರೆ ಸೈಕಲ್ಲಿನ ಗಂಟೆ ಕೇಳಿದಾಗ ನಿಮ್ಮ ಮಗು ಓಡಿದರೂ, “ನಮ್ಮನೇಲೂ ಐಸಿದೆ” ಎಂದು ಹೇಳಿ ಹಿಂದಿರುಗಿ ಬರುತ್ತದೆ.